ಎಳೆಯ ಬ್ರಹ್ಮಾಂಡ: ಹಳೇ ಬೆಳಕೋ, 21 ಸೆಂ.ಮೀ. ರೇಡಿಯೊವೋ?

ಹಾಸನದಲ್ಲಿ ಎಂ.ಎಸ್ಸಿ. ಓದುವ ತಂಗಿ ಮಗಳು ಎಳೆಯ ಬ್ರಹ್ಮಾಂಡದ ಪ್ರಾಜೆಕ್ಟಿಗೆ ಈ ಎರಡರಲ್ಲಿ ಯಾವುದು ಹಿಡಿಯಲಿ ಎಂದು ಕೇಳಿದ್ದಾಳೆ.

ಖರ್ಚಿನಲ್ಲಿ ಹಳೇ ಬೆಳಕು, ಅಂದರೆ ಹಿನ್ನೆಲೆ ಸೂಕ್ಷ್ಮತರಂಗವೇ ಹಗುರ. ಮಹಾಸ್ಫೋಟವಾಗಿ ಸುಮಾರು 3,80,000 ವರ್ಷಕ್ಕೆ ಹೊರಟ ಬೆಳಕದು. ಅದನ್ನು ಅಳೆದ ಪ್ಲಾಂಕ್ ಉಪಗ್ರಹದ ನಕ್ಷೆಗಳು ಪುಕ್ಕಟೆ, ಲ್ಯಾಪ್‌ಟಾಪ್ ಸಾಕು. ಆದರೆ ಹಲವರು ಉತ್ತ ಹೊಲ, ಹೊಸದು ಸಿಗುವುದು ಕಷ್ಟ.

21 ಸೆಂ.ಮೀ. ತರಂಗಾಂತರದ ರೇಡಿಯೊ ಸಂಕೇತ ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್‌ನದು. 1420 ಮೆಗಾಹರ್ಟ್ಸ್‌ನಲ್ಲಿ ಹೊರಟದ್ದು, ವಿಶ್ವ ಹಿಗ್ಗಿ, ನಮಗೆ ಸಿಗುವಾಗ ನೂರರ ಆಸುಪಾಸು. ಅಂದರೆ ಎಫ್‌ಎಂ ಇರುವಲ್ಲೇ! ಹಾಸನದ ತಾರಸಿಯಲ್ಲಿ ಆಂಟೆನಾ ನೆಟ್ಟರೆ ಕೇಳುವುದು ಚಿತ್ರಗೀತೆ. ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಈ ಸಂಕೇತ ಹುಡುಕುವ ಸರಸ್ ಉಪಕರಣವನ್ನು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. 2018ರಲ್ಲಿ ಅಮೆರಿಕದ ತಂಡ ಕಂಡೆವೆಂದಿದ್ದ ಸಂಕೇತ ಇವರಿಗೆ ಕಾಣಲಿಲ್ಲ. ರುಚಿ ಇರುವುದು ಈ ತಕರಾರಿನಲ್ಲೇ.

ಆರು ತಿಂಗಳಲ್ಲಿ ಮುಗಿಯಬೇಕೆಂದರೆ ಪ್ಲಾಂಕ್. ಬೆಸುಗೆ ಹಾಕುವ ಕೈ, ಪಿಎಚ್.ಡಿ.ವರೆಗಿನ ತಾಳ್ಮೆ ಇದ್ದರೆ ರೇಡಿಯೊ.