ದುರ್ಗದಬೈಲ್ ಹತ್ತಿರದ ಲಾಡ್ಜ್: ಹಿಂದಿನ ರೂಮೇ ಕೇಳಿ

ಅವ್ವನ ಕಣ್ಣಿನ ಆಪರೇಷನ್‌ಗೆಂದು ಹುಬ್ಬಳ್ಳಿಗೆ ಬಂದು ಇಲ್ಲಿ ಮೂರು ರಾತ್ರಿ ಇದ್ದೆವು. ಹಾಸಿಗೆ ಸ್ವಚ್ಛ. ಕೆಳಗಿಳಿದರೆ ಗಿರಮಿಟ್, ಮಿರ್ಚಿ ಸಿಗುತ್ತವೆ.

ಹೇಳಲೇಬೇಕಾದದ್ದು ಸದ್ದಿನ ಬಗ್ಗೆ. ನಸುಕಿನಲ್ಲಿ ಮೈಕ್ ಇಲ್ಲದೆ ಬರಿ ದನಿಯಲ್ಲಿ ಆಜಾನ್ ಕೇಳುತ್ತದೆ. ಆ ಹೊತ್ತಿನ ಆಜಾನ್‌ನಲ್ಲಿ ಮಾತ್ರ 'ನಿದ್ದೆಗಿಂತ ಪ್ರಾರ್ಥನೆ ಮೇಲು' ಅನ್ನೋ ಸಾಲು ಇರುತ್ತದಂತೆ, ಕೌಂಟರಿನ ಹುಡುಗ ಹೇಳಿದ. ಆಮೇಲೆ ಗುಡಿಯ ಗಂಟೆ. ಅವ್ವನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮಂಜು. ಗಡಿಯಾರ ಕಾಣದ ಅವಳಿಗೆ ಹೊತ್ತು ತಿಳಿಸಿದ್ದು ಈ ಎರಡು ದನಿಗಳೇ. "ಆಜಾನ್ ಆತು, ಇನ್ನ ಗಂಟಿ ಬಾರಸ್ತಾರ, ಚಾ ತರಸಪಾ" ಅನ್ನುತ್ತಿದ್ದಳು. ಆ ಮಾತು ಕೇಳಿ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ನಿಜವಾಗಿ ಕಾಡಿದ್ದು ಮೊದಲ ರಾತ್ರಿ, ಎದುರಿನ ಮದುವೆ ಹಾಲಿನ ಡಿಜೆ. ಹನ್ನೊಂದೂವರೆಯಾದರೂ ಕಿಟಕಿ ಗಾಜು ನಡುಗುತ್ತಿತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚಬಾರದು ಅಂತ 2000ದಿಂದಲೇ ನಿಯಮ ಇದೆ, ಅಲ್ವಾ? ಮ್ಯಾನೇಜರಿಗೆ ಹೇಳಿದ ಕೂಡಲೇ ಹಿಂದಿನ ರೂಮು ಕೊಟ್ಟರು, ಜಾಸ್ತಿ ದುಡ್ಡು ಕೇಳಲಿಲ್ಲ. ಅಲ್ಲಿ ಡಿಜೆ ಅಷ್ಟಾಗಿ ಕೇಳಲಿಲ್ಲ. ಆಜಾನ್, ಗಂಟೆ ಎರಡೂ ಕೇಳಿದವು.