ಕಾಪಿ, ಉಕ್ತಲೇಖನ, ಡೈರಿ: ಮೂರನೇ ಕ್ಲಾಸಿನಲ್ಲಿ ಮಾಡಿ ನೋಡಿದ್ದು

ಒಂದೇ ದಿನ ಮೂರು ಪುಸ್ತಕಗಳಲ್ಲಿ ಸಿಕ್ಕಿದ ಮೂರು ವಾಕ್ಯ ಇವು:

‘ಅಕ್ಕ ಪೇಟೆಗೆ ಹೋಯಿತು.’
‘ನಾನು ಶಾಲೆಗೆ ಬಂದು.’
‘ನಿನ್ನೆ ಜೋರು ಮಲೆ.’

ಮೂರಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಆಗ ನಾನು ಮೂರನೇ ಕ್ಲಾಸಿಗೆ ಹೊಸಬಳು. ಮಕ್ಕಳಿಗೆ ಗಮನ ಇಲ್ಲ ಅಂತ ಅಂದುಕೊಂಡಿದ್ದೆ. ಆಮೇಲೆ ಒಬ್ಬೊಬ್ಬರ ಮನೆ ನೆನಪಾಯಿತು. ಮೊದಲನೆಯದು ಹವ್ಯಕರ ಮನೆಯ ಹುಡುಗಿ. ಅವರ ಮನೆಮಾತಿನಲ್ಲಿ ಅಕ್ಕ, ಅಮ್ಮ, ಅಜ್ಜಿ ಎಲ್ಲರೂ ‘ಅದು’. ಅಕ್ಕ ಬಂತು, ಅಜ್ಜಿ ಹೇಳಿತು. ಎರಡನೆಯವನ ಮನೆಯಲ್ಲಿ ಮಲಯಾಳಂ. ಆ ಭಾಷೆಯಲ್ಲಿ ನಾನು ಬಂದರೂ ಅವಳು ಬಂದರೂ ಕ್ರಿಯಾಪದ ಒಂದೇ, ‘ವನ್ನು’. ಅದನ್ನೇ ಅವನು ಕನ್ನಡಕ್ಕೆ ಇಳಿಸಿದ್ದಾನೆ. ಮೂರನೆಯದು ತುಳು ಮನೆ. ನಮ್ಮ ಕಡೆ ಎಷ್ಟೋ ತುಳು ಮನೆಗಳಲ್ಲಿ ‘ಳ’ ನಾಲಿಗೆಗೆ ಬರುವುದೇ ಇಲ್ಲ. ಆ ಮಗುವಿಗೆ ಮಳೆಯೂ ಮಲೆಯೂ ಕಿವಿಯಲ್ಲಿ ಒಂದೇ.

ನಮ್ಮದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಕನ್ನಡ ಮಾಧ್ಯಮ ಶಾಲೆ. ಒಂದರಿಂದ ನಾಲ್ಕರವರೆಗೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಹಾಗಾಗಿ ಪಠ್ಯಪುಸ್ತಕ ಕೇರಳದ್ದು, ಭಾಷೆ ಕನ್ನಡ, ಬಸ್ಸಿನ ಬೋರ್ಡು ಮಲಯಾಳಂ, ಆಟದ ಮೈದಾನದಲ್ಲಿ ತುಳು. ಬೆಂಗಳೂರು, ಮೈಸೂರಿನ ಮಕ್ಕಳಿಗೆ ಅಂತ ಮಾಡಿದ ವ್ಯಾಕರಣದ ವರ್ಕ್‌ಬುಕ್ ತಂದು ನೋಡಿದೆ. ನಮ್ಮ ಮಕ್ಕಳು ಮಾಡುವ ತಪ್ಪು ಅದರಲ್ಲಿ ಒಂದೂ ಇಲ್ಲ. ಅದರಲ್ಲಿರುವ ತಪ್ಪು ನಮ್ಮ ಮಕ್ಕಳು ಮಾಡುವುದಿಲ್ಲ.

ಹಾಗಾಗಿ ಒಂದೊಂದೇ ಕ್ರಮ ಹಿಡಿದು, ಒಂದು ವರ್ಷ ಇದು, ಇನ್ನೊಂದು ವರ್ಷ ಅದು ಅಂತ ಮಾಡುತ್ತಾ ಹೋದೆ.

ಕಾಪಿ ಬರೆಸುವುದು ಎಲ್ಲಕ್ಕಿಂತ ಸುಲಭ. ಟೀಚರಿಗೂ, ಮಕ್ಕಳಿಗೂ. ದಿನಕ್ಕೆ ಐದು ಗೆರೆ. ತಪ್ಪಿದ ಪದ ಇಪ್ಪತ್ತು ಸಲ. ಒಬ್ಬ ಹುಡುಗ ‘ಸೂರ್ಯ’ವನ್ನು ‘ಸೂಯ್ರ’ ಅಂತ ಬರೆಯುತ್ತಿದ್ದ. ಇಪ್ಪತ್ತು ಸಲ ಬರೆ ಅಂದೆ. ಅವನು ಮಾಡಿದ್ದೇನು? ಪುಟದ ಎಡಗಡೆ ಮೇಲಿಂದ ಕೆಳಗೆ ಇಪ್ಪತ್ತು ‘ಸೂ’ ಇಳಿಸಿದ. ಆಮೇಲೆ ಪಕ್ಕದಲ್ಲಿ ಇಪ್ಪತ್ತು ‘ಯ’. ಕೊನೆಗೆ ಎಲ್ಲದಕ್ಕೂ ಸಾಲಾಗಿ ಅರ್ಕಾವೊತ್ತು ಎಳೆದ. ಗೋಡೆಗೆ ಇಟ್ಟಿಗೆ ಕಟ್ಟಿದ ಹಾಗೆ. ಪುಟ ನೋಡಲು ಚಂದ. ಮರುದಿನ ಮತ್ತೆ ‘ಸೂಯ್ರ’.

ಆದರೂ ಕಾಪಿ ಪೂರ್ತಿ ದಂಡ ಅಂತ ಹೇಳುವುದಿಲ್ಲ. ವ, ಮ, ಯ ಈ ಮೂರು ಕಲಸಿಹೋಗುವ ಮಕ್ಕಳಿಗೆ, ಎತ್ವ ಎಲ್ಲಿ ತಿರುಗುತ್ತದೆ, ಕೊಂಬು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿಲ್ಲದವರಿಗೆ ಕೈ ಪಳಗಲು ಅದು ಬೇಕು. ಜೂನ್ ತಿಂಗಳ ಮಟ್ಟಿಗೆ ಸಾಕು. ಅಕ್ಷರದ ರೂಪ ಕೂತ ಮೇಲೆ ಅದರಿಂದ ಪದವೂ ಬರುವುದಿಲ್ಲ, ವಾಕ್ಯವೂ ಬರುವುದಿಲ್ಲ.

ಇನ್ನು ಉಕ್ತಲೇಖನ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳುವುದುಂಟು.

ಕನ್ನಡ ಹೆಚ್ಚುಕಡಿಮೆ ಹೇಳಿದ ಹಾಗೆಯೇ ಬರೆಯುವ ಭಾಷೆ. ಹಾಗಾಗಿ ಉಕ್ತಲೇಖನದಲ್ಲಿ ಬರುವ ತಪ್ಪು ಹೆಚ್ಚಾಗಿ ಕೈಯದ್ದಲ್ಲ, ಕಿವಿಯದ್ದು. ಇದು ನನಗೆ ತಡವಾಗಿ ಹೊಳೆಯಿತು. ಮೊದಮೊದಲು ಸೋಮವಾರ ಹತ್ತು ಪದ ಕೊಟ್ಟು ಶುಕ್ರವಾರ ಬರೆಸುತ್ತಿದ್ದೆ. ಮಕ್ಕಳು ಹತ್ತಕ್ಕೆ ಹತ್ತು. ನನಗೆ ಖುಷಿಯೋ ಖುಷಿ. ಮುಂದಿನ ವಾರ ಅದೇ ಪದ ಸ್ವಂತ ವಾಕ್ಯದಲ್ಲಿ ಬಂದರೆ ಪುನಃ ‘ಮಲೆ’. ಶುಕ್ರವಾರದವರೆಗೆ ಕಣ್ಣಿನಲ್ಲಿ ಇಟ್ಟುಕೊಂಡಿದ್ದನ್ನು ಅಲ್ಲಿಗೆ ಇಳಿಸಿ ಹೋಗುತ್ತಿದ್ದರು, ಅಷ್ಟೆ.

ಆಮೇಲೆ ನಾಲಿಗೆ ಮಡಚಿ ಒತ್ತಿ ಒತ್ತಿ ಹೇಳಲು ಶುರು ಮಾಡಿದೆ. ‘ಮ...ಳ್ಳೆ’. ಮಕ್ಕಳು ಪ್ರಾಮಾಣಿಕರು. ‘ಮಳ್ಳೆ’ ಅಂತಲೇ ಬರೆದರು.

ಮಹಾಪ್ರಾಣದಲ್ಲಿ ಇನ್ನೂ ಫಜೀತಿ. ‘ಭಾರತ’ ಅಂತ ಹೇಳಿದ್ದೇನೆ ಅಂದುಕೊಂಡಿದ್ದೆ. ಕ್ಲಾಸಿನ ಮುಕ್ಕಾಲು ಭಾಗ ‘ಬಾರತ’. ಹಿಂದಿನ ಬೆಂಚಿನ ಒಬ್ಬನದು ಮಾತ್ರ ಸರಿ. ಅವನೇ ಎದ್ದು, ‘ಟೀಚರ್, ನೀವು ಹೇಳಿದ್ದು ಬಾರತ, ನಾನು ಗೊತ್ತಿದ್ದು ಬರೆದದ್ದು’ ಅಂದ. ಅವನ ಅಜ್ಜ ತಾಳಮದ್ದಳೆಗೆ, ಅಂದರೆ ವೇಷ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗುವವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಅಲ್ವಾ ಇದು, ಅರ್ಥಧಾರಿಗಳ ಬಾಯಲ್ಲಿ ಭೀಮ, ಧರ್ಮರಾಯ, ಘಟೋತ್ಕಚ ಕೇಳಿ ಬೆಳೆದ ಮಗುವಿಗೆ ಭ, ಧ, ಘ ಹೊಟ್ಟೆಯಿಂದ ಬರುತ್ತದೆ. ನನಗೆ ನಾಚಿಕೆ ಆಯಿತು, ಉಪಾಯವೂ ಸಿಕ್ಕಿತು. ಮರುದಿನದಿಂದ ಮಹಾಪ್ರಾಣದ ಪದಗಳೆಲ್ಲ ಆಟದಿಂದಲೇ. ಒಬ್ಬ ಭೀಮನ ಹಾಗೆ ಆರ್ಭಟ ಮಾಡಿ ಪದ ಹೇಳುವುದು, ಉಳಿದವರು ಬರೆಯುವುದು. ಬಾಯಿಯ ಮುಂದೆ ಅಂಗೈ ಹಿಡಿದು ಗಾಳಿ ತಾಗುತ್ತದಾ ಅಂತ ನೋಡುವುದು. ಪಕ್ಕದ ಕ್ಲಾಸಿನವರು ಒಂದೆರಡು ಸಲ ಇಣುಕಿ ಹೋದರು.

‘ಳ’ಕ್ಕೆ ಬೇರೆ ಮದ್ದು ಬೇಕಾಯಿತು. ಜೋಡಿ ಪದ. ಹಳ್ಳಿ-ಹಲ್ಲಿ, ಬಳೆ-ಬಲೆ, ಕಾಳು-ಕಾಲು. ಬರೆಯುವ ಮೊದಲು ಲ ಕೇಳಿದರೆ ಎಡಗೈ, ಳ ಕೇಳಿದರೆ ಬಲಗೈ ಎತ್ತಬೇಕು. ಐದೇ ನಿಮಿಷ, ಆದರೆ ದಿನವೂ. ‘ಹೇಳು’ ಪದದಲ್ಲಿ ಳ ತಪ್ಪಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಆ ಒಂದು ಪದ ಮಾತ್ರ ನಮ್ಮ ಕ್ಲಾಸಿನಲ್ಲಿ ಆಮೇಲೆ ಯಾರೂ ತಪ್ಪಿಲ್ಲ.

‘ಸೂಯ್ರ’ದ ಹುಡುಗನಿಗೂ ಇಲ್ಲಿಯೇ ದಾರಿ ಸಿಕ್ಕಿತು. ಅರ್ಕಾವೊತ್ತಿನ ತೊಂದರೆ ಏನೆಂದರೆ, ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಕೈಯಲ್ಲಿ ಆಮೇಲೆ. ಎಂಟು ವರ್ಷದ ಮಗುವಿಗೆ ಇದು ಅನ್ಯಾಯ. ನಾನು ಅವನಿಗೆ ಮೊದಲು ರ ಬರೆದು ಕೆಳಗೆ ಯ ಒತ್ತು ಕೊಡಲು ಹೇಳಿದೆ. ಹಾಗೆ ಅಚ್ಚಾದ ಪುಸ್ತಕಗಳೂ ಇವೆ, ತಪ್ಪೇನಿಲ್ಲ. ಬಾಯಿಯ ಕ್ರಮವೂ ಕೈಯ ಕ್ರಮವೂ ಒಂದಾಯಿತು. ಎರಡು ತಿಂಗಳು ಕಳೆದು ಅರ್ಕಾವೊತ್ತು ತೋರಿಸಿದೆ, ಆಗ ಗಡಿಬಿಡಿ ಆಗಲಿಲ್ಲ. ಕಾಪಿಯಿಂದ ಆಗದ್ದು ಹೀಗೆ ಆಯಿತು.

ಆದರೆ ಉಕ್ತಲೇಖನ ಎಷ್ಟೇ ಸುಧಾರಿಸಿದರೂ ಒಂದು ಕೊರತೆ ಉಳಿಯುತ್ತದೆ. ಅದರಲ್ಲಿ ವಾಕ್ಯ ನನ್ನದು. ‘ಅಕ್ಕ ಪೇಟೆಗೆ ಹೋಯಿತು’ ಅನ್ನುವುದು ಅದರಲ್ಲಿ ಬರಲು ಸಾಧ್ಯವೇ ಇಲ್ಲ, ಯಾಕೆಂದರೆ ನಾನು ‘ಹೋದಳು’ ಅಂತ ಹೇಳಿರುತ್ತೇನೆ. ಪದದ ತಪ್ಪು ಕಾಣುತ್ತದೆ, ವ್ಯಾಕರಣದ ತಪ್ಪು ಅಡಗಿಯೇ ಇರುತ್ತದೆ. ಉ, ಅನ್ನು, ಇಂದ, ಗೆ, ಅ, ಅಲ್ಲಿ ಅಂತ ಮಗ್ಗಿಯ ಹಾಗೆ ಒಪ್ಪಿಸುವ ಮಕ್ಕಳು ‘ನಾನು ಪುಸ್ತಕ ಅಮ್ಮ ಕೊಟ್ಟೆ’ ಅಂತ ಬರೆದದ್ದನ್ನೂ ನೋಡಿದ್ದೇನೆ.

ಡೈರಿಗೆ ಬಂದದ್ದು ಹಾಗೆ.

ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಒಂದನೇ ಕ್ಲಾಸಿಗೆ ‘ಸಂಯುಕ್ತ ಡೈರಿ’ ಅಂತ ಒಂದು ಕ್ರಮ ಬಂದಿದೆ. ಮಗು ತನಗೆ ಗೊತ್ತಿರುವಷ್ಟನ್ನು ಪೆನ್ಸಿಲಿನಲ್ಲಿ ಬರೆಯುತ್ತದೆ. ಗೊತ್ತಿಲ್ಲದ ಅಕ್ಷರವನ್ನು ಮನೆಯ ದೊಡ್ಡವರು ಪೆನ್ನಿನಲ್ಲಿ ತುಂಬುತ್ತಾರೆ. ದಿನ ಹೋದಂತೆ ಪೆನ್ನು ಕಡಿಮೆಯಾಗಿ ಪೆನ್ಸಿಲ್ ಜಾಸ್ತಿ ಆಗುತ್ತದೆ. ಪುಟ ತಿರುವಿದರೆ ಸಾಕು, ಮಗು ಎಷ್ಟು ಮುಂದೆ ಬಂದಿದೆ ಅಂತ ಕಣ್ಣಿಗೇ ಕಾಣುತ್ತದೆ. ನಾನು ಇದನ್ನು ಮೂರನೇ ಕ್ಲಾಸಿಗೆ ತಂದೆ.

ಮೊದಲ ವಾರವೇ ನಮ್ಮ ಊರಿನ ಸಮಸ್ಯೆ ಎದ್ದು ನಿಂತಿತು. ಎಷ್ಟೋ ಅಮ್ಮಂದಿರು ಕಲಿತದ್ದು ಮಲಯಾಳಂ ಮಾಧ್ಯಮದಲ್ಲಿ. ಕನ್ನಡ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಒಂದು ಡೈರಿಯಲ್ಲಿ ಪೆನ್ಸಿಲಿನ ಕನ್ನಡದ ನಡುವೆ ಪೆನ್ನಿನಲ್ಲಿ ಮಲಯಾಳಂ ಅಕ್ಷರ! ಪದ ಕನ್ನಡದ್ದೇ, ‘ಒಟ್ಟಿಗೆ’ ಅಂತ, ಲಿಪಿ ಮಾತ್ರ ಅಮ್ಮನದು. ನನಗೆ ನಗು ಬಂತು, ಆಮೇಲೆ ಗೌರವವೂ ಬಂತು. ತನಗೆ ಬಂದಷ್ಟು ಮಾಡಿದ್ದಾರೆ. ಆ ಮಗು ಮರುದಿನ ಆ ಪದವನ್ನು ನನ್ನ ಎದುರು ಕೂತು ಕನ್ನಡಕ್ಕೆ ತಿರುಗಿಸಿತು. ಅಂಥ ಮನೆಯ ಮಕ್ಕಳಿಗೆ ನಾಲ್ಕನೇ ಕ್ಲಾಸಿನ ಅಕ್ಕಂದಿರನ್ನು ಜೊತೆ ಮಾಡಿದೆ. ಮಧ್ಯಾಹ್ನ ಊಟ ಆದ ಮೇಲೆ ಹತ್ತು ನಿಮಿಷ. ಪೆನ್ನು ಅಕ್ಕನ ಕೈಯಲ್ಲಿ.

ಎರಡನೇ ಸಮಸ್ಯೆ ಬೇಸರ. ‘ಬೆಳಿಗ್ಗೆ ಎದ್ದೆ. ಹಲ್ಲು ಉಜ್ಜಿದೆ. ಚಾ ಕುಡಿದೆ. ಶಾಲೆಗೆ ಬಂದೆ.’ ಇಡೀ ಕ್ಲಾಸು, ಇಡೀ ವಾರ, ಇದೇ. ಹಾಗಾಗಿ ಪ್ರಶ್ನೆ ಕೊಟ್ಟು ಕಳಿಸತೊಡಗಿದೆ. ಇವತ್ತು ಮನೆಯಲ್ಲಿ ಯಾರು ಯಾರಿಗೆ ಬೈದರು? ಎಂತ ಕಳೆದುಹೋಯಿತು? ಆಗ ನೋಡಿ ಗಮ್ಮತ್ತು! ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಹೊಸ ಫೋನ್ ತಂದದ್ದು, ಅಮ್ಮ ಎರಡು ದಿನ ಮಾತಾಡದ್ದು, ಎಲ್ಲ ಬಂತು. ಜೂನ್‌ನಲ್ಲಿ ಎರಡು ಗೆರೆ ಬರೆಯುತ್ತಿದ್ದ ಮಕ್ಕಳು ಓಣಂ ರಜೆ ಕಳೆದು ಬಂದಾಗ ಅರ್ಧ ಪುಟ ಬರೆಯುತ್ತಿದ್ದರು. ಒಬ್ಬ ಅಪ್ಪ ಮಾತ್ರ ಶಾಲೆಗೆ ಬಂದು, ‘ಟೀಚರ್, ಸ್ವಲ್ಪ ಬೇರೆ ಪ್ರಶ್ನೆ ಕೊಡಬಹುದಾ’ ಅಂತ ಕೇಳಿದರು. ಕೊಟ್ಟೆ.

ವ್ಯಾಕರಣ ಕೈಗೆ ಸಿಕ್ಕಿದ್ದು ಇಲ್ಲಿ. ‘ಅಮ್ಮ ಬೈದಿತು’ ಅಂತ ಬಂದರೆ ಈಗ ಕೆಂಪು ಶಾಯಿ ಇಲ್ಲ. ಗೋಡೆಯ ಚಾರ್ಟಿನಲ್ಲಿ ಎರಡು ಸಾಲು ಉಂಟು. ಒಂದು ಮನೆಮಾತು, ಇನ್ನೊಂದು ಪುಸ್ತಕದ ಮಾತು. ‘ಬೈದಿತು’ ಆ ಕಡೆ, ‘ಬೈದಳು’ ಈ ಕಡೆ. ಒಂದು ಹುಡುಗಿ ಕೇಳಿದಳು, ‘ಟೀಚರ್, ಅಜ್ಜಿಗೆ ಬಂದಳು ಅಂತ ಬರೆದರೆ ಮರ್ಯಾದೆ ಇಲ್ಲ ಅಲ್ವಾ?’ ಹೌದಲ್ಲ! ಆ ದಿನ ‘ಬಂದರು’ ಮೂರನೇ ಸಾಲಾಗಿ ಚಾರ್ಟಿಗೆ ಹತ್ತಿತು. ಒಬ್ಬರೇ ಇದ್ದರೂ ಬಹುವಚನ ಯಾಕೆ ಅಂತ ವಿವರಿಸಲು ನಾನು ಎರಡು ಪೀರಿಯಡ್ ತೆಗೆದಿಟ್ಟಿದ್ದೆ. ಅವಳ ಒಂದು ಪ್ರಶ್ನೆಯಲ್ಲಿ ಮುಗಿಯಿತು.

ಒಬ್ಬರ ಬರಹವನ್ನು ಬೋರ್ಡಿಗೆ ಹಾಕಿ ಎಲ್ಲರೂ ಸೇರಿ ತಿದ್ದುವ ಕ್ರಮವನ್ನು ನಮಗೆ ಟ್ರೈನಿಂಗಿನಲ್ಲಿ ‘ಎಡಿಟಿಂಗ್’ ಅಂತ ಹೇಳಿಕೊಟ್ಟಿದ್ದರು. ಅದನ್ನೂ ಮಾಡಿದೆ. ಯಾರ ಬರಹ ಹಾಕಿದೆನೋ ಆ ಮಗುವಿನ ಮುಖ ಬಾಡಿತು. ಆಮೇಲೆ ನನ್ನದೇ ನಾಲ್ಕು ವಾಕ್ಯ ಬರೆದು ಬೇಕೆಂತಲೇ ತಪ್ಪು ಹಾಕಿದೆ. ಟೀಚರ್ ತಪ್ಪು ಹಿಡಿಯುವುದೆಂದರೆ ಯಾರಿಗೆ ಬೇಡ? ಒತ್ತು, ದೀರ್ಘ, ಳ ಎಲ್ಲ ಪಟಪಟ ಹಿಡಿದರು. ಆದರೆ ‘ಅಜ್ಜಿ ದೋಸೆ ಮಾಡಿತು’ ಅನ್ನುವುದನ್ನು ಹವ್ಯಕ ಮಕ್ಕಳು ಯಾರೂ ಹಿಡಿಯಲಿಲ್ಲ. ಹಿಡಿದದ್ದು ತುಳು ಮನೆಯ ಹುಡುಗ. ‘ನಾನು ಬಂದು’ ಹಿಡಿದದ್ದು ಹವ್ಯಕ ಹುಡುಗಿ. ಒಬ್ಬರ ಮನೆಯ ಕಿವಿಗೆ ಸರಿ ಕೇಳುವುದು ಇನ್ನೊಬ್ಬರ ಮನೆಯ ಕಿವಿಗೆ ಚುಚ್ಚುತ್ತದೆ. ನಾಲ್ಕು ಭಾಷೆಯ ಕ್ಲಾಸು ತಲೆನೋವು ಅಂತ ಹೇಳುತ್ತಿದ್ದವಳು ನಾನೇ. ಈ ಒಂದು ಕೆಲಸಕ್ಕೆ ಅದೇ ಅನುಕೂಲ. ಆದರೆ ನಾಲ್ಕು ವಾಕ್ಯಕ್ಕೆ ಇಡೀ ಪೀರಿಯಡ್ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಾತ್ರ ಸಾಧ್ಯ.

ಫೋನಿಗೆ ಹೇಳಿ, ಅದು ಬರೆದುಕೊಟ್ಟದ್ದನ್ನು ನೋಡಿ ಬರೆಯುವ ದಾರಿ ಒಂದು ಮನೆಯಲ್ಲಿ ಶುರುವಾಗಿತ್ತು. ತಪ್ಪೇ ಇಲ್ಲದ ಡೈರಿ ಬಂತು, ಅದರಿಂದಲೇ ಗೊತ್ತಾಯಿತು. ಅದು ಕಾಪಿಯೇ, ಬೇರೇನಲ್ಲ.

ಹಾಗಾದರೆ ಯಾವುದು ಒಳ್ಳೆಯದು? ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಡೈರಿ ಇಟ್ಟುಕೊಳ್ಳುತ್ತೇನೆ. ಜೊತೆಗೆ ಐದು ನಿಮಿಷದ ಜೋಡಿ ಪದವನ್ನು ಬಿಡಲು ಮನಸ್ಸಿಲ್ಲ, ಯಾಕೆಂದರೆ ಡೈರಿಯಲ್ಲಿ ‘ಳ’ ತಾನಾಗಿ ಸರಿ ಆಗುವುದಿಲ್ಲ. ಮನೆಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲದ, ಶಾಲೆಯಲ್ಲೂ ಜೊತೆಗೆ ಅಕ್ಕ ಸಿಗದ ಮಗುವಿಗಾದರೆ ಮೊದಲು ಉಕ್ತಲೇಖನವೇ ಸರಿ. ಡೈರಿ ಆ ಮಗುವನ್ನು ಒಂಟಿ ಮಾಡುತ್ತದೆ. ಇನ್ನೊಂದು ಮಾತು. ಡೈರಿ ಹಿಡಿದರೆ ದೂರು ಕೇಳಲು ತಯಾರಿರಬೇಕು. ‘ಟೀಚರ್ ತಪ್ಪು ತಿದ್ದುವುದೇ ಇಲ್ಲ, ಮುಂದಿನ ವರ್ಷ ಸ್ಕಾಲರ್‌ಶಿಪ್ ಪರೀಕ್ಷೆ ಉಂಟು’ ಅಂತ ನನಗೆ ಪ್ರತಿ ಪಿಟಿಎ ಮೀಟಿಂಗಿನಲ್ಲಿ ಸಿಗುತ್ತದೆ. ನಾನು ಜೂನ್ ತಿಂಗಳ ಪುಟವನ್ನೂ ಈಗಿನ ಪುಟವನ್ನೂ ಪಕ್ಕಪಕ್ಕ ಬಿಡಿಸಿ ಇಡುತ್ತೇನೆ. ಕೆಲವರು ಸುಮ್ಮನಾಗುತ್ತಾರೆ, ಕೆಲವರು ಆಗುವುದಿಲ್ಲ.

‘ನಾನು ಶಾಲೆಗೆ ಬಂದು’ ಅಂತ ಬರೆದ ಹುಡುಗನ ತಮ್ಮ ಈಗ ನನ್ನ ಕ್ಲಾಸಿನಲ್ಲಿ ಇದ್ದಾನೆ. ಅವನದೂ ಅದೇ ‘ಬಂದು’ ಇತ್ತು. ಮೊನ್ನೆ ಶುಕ್ರವಾರದ ಡೈರಿಯಲ್ಲಿ ಹೀಗಿತ್ತು: ‘ನಾನು ಬಂದೆ. ಅಮ್ಮ ಬಂದರು. ಹಿಂದಿನಿಂದ ನಾಯಿ ಬಂದರು.’

ನಾಯಿಯದ್ದು ಸೋಮವಾರ ನೋಡುವ ಅಂತ ಪುಸ್ತಕ ಮಡಚಿಟ್ಟೆ.