ಸನ್‌ರೂಫ್, ಮೆಮೊರಿ ಸೀಟು ಮತ್ತು ಮರುಮಾರಾಟದ ಬೆಲೆ: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಈ ಕಾರಿನ ಎಂಜಿನ್, ಮೈಲೇಜ್ ಮತ್ತು ಡಿಕ್ಕಿಯ ಅಳತೆಗಳ ಬಗ್ಗೆ ಈಗಾಗಲೇ ಸಾಕಷ್ಟು ಜನ ಬರೆದಿರುವುದರಿಂದ ಅದರಲ್ಲಿ ನಾನು ಹೊಸದಾಗಿ ಸೇರಿಸುವಂಥದ್ದೇನೂ ಇಲ್ಲ. ನಾನು ಬರೆಯಹೊರಟಿರುವುದು ಮೂಲ ಬೆಲೆಯ ಮೇಲೆ ಪ್ರತ್ಯೇಕವಾಗಿ ಹಣ ತೆತ್ತು ಹಾಕಿಸಿಕೊಂಡ ನಾಲ್ಕು ಸೌಲಭ್ಯಗಳ ಬಗ್ಗೆ: ಸನ್‌ರೂಫ್, ಓಡಿಸುವವರಿಗೆ ಹೊಂದಿಸಿದ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಇರುವ ಚಾಲಕನ ಸೀಟು, ಡ್ಯಾಶ್‌ಬೋರ್ಡಿನೊಳಗೇ ಕೂಡಿಸಿದ ನ್ಯಾವಿಗೇಶನ್ ಮತ್ತು ಒಂದು ಅಳತೆ ದೊಡ್ಡದಾದ ಅಲಾಯ್ ವೀಲ್‌ಗಳು. ನಾಲ್ಕೂ ಕಾರ್ಖಾನೆಯಲ್ಲೇ ಜೋಡಣೆಯಾಗಿ ಬಂದವು. ವರ್ಷಗಟ್ಟಲೆ ಬಳಸಿ, ಈಗ ಕಾರನ್ನು ಮಾರಲು ಹೊರಟಾಗ ಸ್ಪಷ್ಟವಾದ ಸಂಗತಿಯೆಂದರೆ, ದಿನನಿತ್ಯ ನನಗೆ ಸುಖ ಕೊಟ್ಟ ಸೌಲಭ್ಯ ಬೇರೆ, ಕೊಳ್ಳಲು ಬಂದವರ ಕಣ್ಣು ಹೋದ ಸೌಲಭ್ಯ ಬೇರೆ, ಬೆಲೆಯನ್ನು ನಿಜವಾಗಿ ಅಲುಗಾಡಿಸಿದ್ದು ಇನ್ನೂ ಬೇರೆ.

ಮೊದಲು ಸುಖದ ಮಾತು. ನಮ್ಮ ಮನೆಯಲ್ಲಿ ಈ ಕಾರನ್ನು ಓಡಿಸುವವರು ಇಬ್ಬರು, ಇಬ್ಬರ ಎತ್ತರದಲ್ಲಿ ಒಂದು ಗೇಣಿಗೂ ಮಿಗಿಲಾದ ವ್ಯತ್ಯಾಸವಿದೆ. ಬಾಗಿಲಿನ ಪಕ್ಕದ 1 ಎಂಬ ಗುಂಡಿಯನ್ನು ಒತ್ತಿದರೆ ಸೀಟು ಮೆಲ್ಲನೆ ಗುಂಯ್‌ಗುಟ್ಟುತ್ತ ಹಿಂದೆ ಸರಿದು, ತುಸು ಕೆಳಗಿಳಿದು, ಒರಗು ನನಗೆ ಬೇಕಾದಷ್ಟೇ ವಾಲಿ ನಿಲ್ಲುತ್ತದೆ. ಅಷ್ಟರಲ್ಲಿ ನಾನು ಬೆಲ್ಟ್ ಎಳೆದು ಸಿಕ್ಕಿಸಿ, ಫೋನನ್ನು ಅದರ ಜಾಗದಲ್ಲಿ ಇಟ್ಟಿರುತ್ತೇನೆ, ಹೊರಗಿನ ಕನ್ನಡಿಗಳೂ ತಾವಾಗಿಯೇ ನನ್ನ ಕಣ್ಣಿನ ಮಟ್ಟಕ್ಕೆ ತಿರುಗಿರುತ್ತವೆ. ರಿವರ್ಸ್ ಗೇರ್ ಹಾಕಿದೊಡನೆ ಪಕ್ಕದ ಕನ್ನಡಿ ಕೆಳಕ್ಕೆ ಬಾಗಿ ಹಿಂಚಕ್ರವನ್ನೂ ರಸ್ತೆಯಂಚಿನ ಕಲ್ಲನ್ನೂ ಒಟ್ಟಿಗೆ ತೋರಿಸುತ್ತದೆ. ಪಟ್ಟಿಯಲ್ಲಿ ಒಂದು ಸಾಲಿನಷ್ಟೇ ಜಾಗ ಪಡೆದಿದ್ದ ಈ ಸೌಲಭ್ಯದಿಂದ ಇಷ್ಟು ನೆಮ್ಮದಿ ಸಿಗಬಹುದೆಂದು ಕೊಳ್ಳುವಾಗ ನಾನು ಊಹಿಸಿರಲಿಲ್ಲ. ಸೀಟು ಹಿಂದೆಮುಂದೆ ಆಯಿತೆಂದು ಬೆಳಿಗ್ಗೆ ಬೆಳಿಗ್ಗೆ ನಡೆಯುತ್ತಿದ್ದ ಸಣ್ಣ ಮುನಿಸುಗಳು ಈ ಕಾರು ಬಂದಮೇಲೆ ನಿಂತೇಹೋದವು.

ಸನ್‌ರೂಫ್‌ನ ಕಥೆ ಹೀಗಿಲ್ಲ. ವೇಗ ಹೆಚ್ಚಿದಂತೆ ಗಾಳಿಯ ಸದ್ದು ಮಾತನ್ನು ನುಂಗುತ್ತದೆ, ಬಿಸಿಲಿನಲ್ಲಿ ತೆರೆದರೆ ನೆತ್ತಿ ಸುಡುತ್ತದೆ. ಆದ್ದರಿಂದ ಬಹುಪಾಲು ದಿನ ಅದು ಮುಚ್ಚಿಯೇ ಇತ್ತು. ಮುಚ್ಚಿದ್ದರೂ ಅದರ ಆರೈಕೆ ತಪ್ಪುವುದಿಲ್ಲ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಯು ನೀರನ್ನು ಪೂರ್ತಿಯಾಗಿ ತಡೆಯುತ್ತದೆಂದು ಹಲವರು ತಿಳಿದುಕೊಂಡಿದ್ದಾರೆ, ಆದರೆ ಅದು ಹಾಗೆ ತಡೆಯುವುದಿಲ್ಲ. ಒಳಬಂದ ನೀರು ಚೌಕಟ್ಟಿನ ಕಾಲುವೆಯಲ್ಲಿ ಸೇರಿ, ಮೂಲೆಗಳಲ್ಲಿರುವ ಸಣ್ಣ ಕೊಳವೆಗಳ ಮೂಲಕ ಕಂಬಗಳೊಳಗಿಂದ ಇಳಿದು ಕಾರಿನ ಕೆಳಗೆ ಹೊರಬೀಳಬೇಕು. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆಯ ಚೂರು ಮತ್ತು ದೂಳು ಸೇರಿ ಕೆಸರಾಗಿ ಆ ಕೊಳವೆಯ ಬಾಯಿ ಮುಚ್ಚಿಕೊಂಡರೆ ನೀರು ಒಳಚಾವಣಿಯ ಬಟ್ಟೆಗೆ ಹರಿಯುತ್ತದೆ. ನನ್ನ ಕಾರಿನಲ್ಲಿಯೂ ಹಾಗೆಯೇ ಆಯಿತು: ಮುಂದಿನ ಸೀಟಿನ ಮೇಲ್ಭಾಗದಲ್ಲಿ ಅಂಗೈಯಗಲದ ಕಂದು ಕಲೆ, ನೆಲದ ಹಾಸಿನಡಿ ತೇವ, ಬಾಗಿಲು ತೆರೆದರೆ ಮುಗ್ಗಲು ವಾಸನೆ. ಅಂದಿನಿಂದ ಮಳೆಗಾಲಕ್ಕೆ ಮುಂಚೆ ಗಾಜನ್ನು ತೆರೆದು, ಕಾಲುವೆಯನ್ನು ಒದ್ದೆಬಟ್ಟೆಯಿಂದ ಒರೆಸಿ, ತೆಳ್ಳನೆಯ ನೈಲಾನ್ ತಂತಿಯನ್ನು ಕೊಳವೆಗೆ ಇಳಿಸಿ, ಮೇಲಿನಿಂದ ಲೋಟದಲ್ಲಿ ನೀರು ಸುರಿದು ಅದು ಚಕ್ರದ ಬಳಿ ತೊಟ್ಟಿಕ್ಕುವುದನ್ನು ನೋಡಿ ಖಚಿತಪಡಿಸಿಕೊಳ್ಳುತ್ತೇನೆ. ಜೋರಾದ ಗಾಳಿಯನ್ನು ಊದಿಸಬಾರದು. ಒಳಗಿನ ಕೊಳವೆಯೇ ಕಳಚಿಕೊಂಡರೆ ಚಾವಣಿಯನ್ನೇ ಬಿಚ್ಚಬೇಕಾಗುತ್ತದೆ.

ಮಾರಾಟದ ಹಂತಕ್ಕೆ ಬಂದಾಗ ನನ್ನ ಉತ್ಸಾಹ ಇಳಿಯತೊಡಗಿತು. ಆನ್‌ಲೈನ್ ಮೌಲ್ಯಮಾಪನದ ನಮೂನೆ ಕೇಳಿದ್ದು ಕಂಪನಿ, ಮಾದರಿ, ವೇರಿಯಂಟ್ (ಅದೇ ಮಾದರಿಯಲ್ಲಿ ಯಾವ ದರ್ಜೆಯದು), ವರ್ಷ, ಓಡಿದ ಕಿಲೋಮೀಟರ್, ಎಷ್ಟನೆಯ ಮಾಲೀಕ ಎಂಬಷ್ಟನ್ನೇ. ಬೇರೆಯಾಗಿ ಹಾಕಿಸಿದ ಸೌಲಭ್ಯಗಳನ್ನು ಬರೆಯಲು ಅಲ್ಲಿ ಖಾನೆಯೇ ಇರಲಿಲ್ಲ. ನಾಲ್ಕೂ ಸೌಲಭ್ಯಗಳಿರುವ ನನ್ನ ಕಾರಿಗೂ, ಒಂದೂ ಇಲ್ಲದ ಅದೇ ವೇರಿಯಂಟಿನ ಇನ್ನೊಂದು ಕಾರಿಗೂ ಬಂದ ಉತ್ತರ ಒಂದೇ. ನೇರವಾಗಿ ನೋಡಲು ಬಂದವರು ಸನ್‌ರೂಫನ್ನು ತೆರೆದು ಮುಚ್ಚಿ ತಲೆದೂಗಿದರು, ಕೆಲವರು ಮಕ್ಕಳನ್ನು ಕರೆದು ತೋರಿಸಿದರು. ಆದರೆ ಬೆಲೆಯ ಮಾತು ಬಂದಾಗ ಅದನ್ನು ಮತ್ತೆ ಯಾರೂ ಎತ್ತಲಿಲ್ಲ. ಮೆಮೊರಿ ಸೀಟಿನ ಗುಂಡಿಯನ್ನು ನಾನಾಗಿಯೇ ಒತ್ತಿ ತೋರಿಸಬೇಕಾಯಿತು. ಹಳೆಯ ಕಾರುಗಳ ವ್ಯಾಪಾರಿಯೊಬ್ಬರಂತೂ ಟಾರ್ಚ್ ಹಿಡಿದು ಚಾವಣಿಯ ಕಲೆಯನ್ನು ಹುಡುಕಿ, ನೀರು ಸೋರಿದ ಕಾರಿನ ವೈರಿಂಗ್‌ಗೆ ಯಾರು ಹೊಣೆ ಎಂದು ಕೇಳಿ, ಸನ್‌ರೂಫ್‌ಗೆ ನಾನು ಕೊಟ್ಟಿದ್ದ ಹಣಕ್ಕಿಂತ ಹೆಚ್ಚಿನ ಮೊತ್ತವನ್ನು ಕಡಿತ ಮಾಡಲು ಹೊರಟರು. ಸುಸ್ಥಿತಿಯಲ್ಲಿರುವ ಸೌಲಭ್ಯಕ್ಕೆ ಚಿಕ್ಕಾಸಿಲ್ಲ, ಕೆಟ್ಟಿದ್ದರೆ ಮಾತ್ರ ದಂಡ!

ಸಿಟ್ಟು ಇಳಿದ ಮೇಲೆ ಯೋಚಿಸಿದರೆ ಇದರ ಲೆಕ್ಕ ಅರ್ಥವಾಗದಂಥದ್ದಲ್ಲ. ಕಾರಿನ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಅತಿ ವೇಗವಾಗಿ ಕುಸಿಯುತ್ತದೆ, ಅದರ ಮೇಲೆ ಹೇರಿದ ಸೌಲಭ್ಯಗಳ ಬೆಲೆ ಇನ್ನೂ ವೇಗವಾಗಿ. ಕಾರು ಹೇಗಿದ್ದರೂ ಎಲ್ಲರಿಗೂ ಬೇಕಾದದ್ದು. ಸೌಲಭ್ಯ ಬೇಕಾದದ್ದು ಕೆಲವರಿಗೆ ಮಾತ್ರ. ನನ್ನ ಕಾರಿಗೆ ಟಾಪ್ ವೇರಿಯಂಟಿನ ಸೌಲಭ್ಯಗಳಿದ್ದರೂ ದಾಖಲೆಯಲ್ಲಿ ಅದರ ಹೆಸರಿಲ್ಲದ ಕಾರಣ, ನಾನು ಸ್ವಲ್ಪ ಹೆಚ್ಚು ಕೇಳಿದೊಡನೆ ಕೊಳ್ಳುವವರು ನಿಜವಾದ ಟಾಪ್ ವೇರಿಯಂಟಿನತ್ತ ಮುಖ ಮಾಡುತ್ತಾರೆ. ಇಂದಿನ ವಿಶೇಷ ಸೌಲಭ್ಯ ನಾಳೆಗೆ ಸಾಮಾನ್ಯವಾಗುವುದು ಇನ್ನೊಂದು ಕಾರಣ. ಅಮೆರಿಕದಲ್ಲಿ ಹಿಂಬದಿಯ ಕ್ಯಾಮೆರಾ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಹಾಗೆ ಕಡ್ಡಾಯವಾದ ಮೇಲೆ ಹಳೆಯ ಕಾರಿನಲ್ಲಿ ಕ್ಯಾಮೆರಾ ಇರುವುದು ಹೆಚ್ಚುಗಾರಿಕೆಯಾಗಿ ಉಳಿಯುವುದಿಲ್ಲ, ಇಲ್ಲದಿರುವುದು ಮಾತ್ರ ಕೊರತೆಯಾಗುತ್ತದೆ.

ನ್ಯಾವಿಗೇಶನ್ ವಿಷಯದಲ್ಲಿ ನನಗೆ ಕನಿಕರವೂ ಇಲ್ಲ. ಅದರ ನಕ್ಷೆಯನ್ನು ಹೊಸದಾಗಿಸಲು ಮತ್ತೆ ಹಣ ಕೇಳುತ್ತಾರೆ, ಹೊಸ ರಸ್ತೆಯಲ್ಲಿ ಹೋದರೆ ಪರದೆಯ ಮೇಲೆ ಕಾರು ಹೊಲದ ನಡುವೆ ತೇಲುತ್ತಿರುತ್ತದೆ. 2014ರಲ್ಲಿ ಆ್ಯಪಲ್ ಕಾರ್‌ಪ್ಲೇ, 2015ರಲ್ಲಿ ಆಂಡ್ರಾಯ್ಡ್ ಆಟೊ ಬಂದಮೇಲೆ ಫೋನಿನ ನಕ್ಷೆಯೇ ಕಾರಿನ ಪರದೆಗೆ ಬರುವಂತಾಗಿ, ಇಂಥ ವ್ಯವಸ್ಥೆಗಳ ಮರುಮಾರಾಟದ ಮೌಲ್ಯ ಬಹುತೇಕ ಕರಗಿಹೋಯಿತು. ನೆಟ್‌ವರ್ಕನ್ನು ನಂಬಿದ ಸೌಲಭ್ಯಗಳ ಗತಿ ಇದಕ್ಕಿಂತ ಕಡೆ: 2022ರಲ್ಲಿ ಅಮೆರಿಕದಲ್ಲಿ 3ಜಿ ಸೇವೆ ನಿಂತಾಗ, ಅದನ್ನೇ ನೆಚ್ಚಿದ್ದ ಹಲವು ಕಾರುಗಳಲ್ಲಿ ತುರ್ತುಕರೆಯಂಥ ಸಂಪರ್ಕ ಸೌಲಭ್ಯಗಳು ಕೆಲಸ ನಿಲ್ಲಿಸಿದವು. ಇನ್ನು ಚಂದಾ ಕಟ್ಟಿ ಪಡೆಯುವ ಸೌಲಭ್ಯಗಳಿವೆ. ಬಿಎಂಡಬ್ಲ್ಯು ಕಂಪನಿ 2022ರಲ್ಲಿ ಕೆಲವು ದೇಶಗಳಲ್ಲಿ ಬಿಸಿಯಾಗುವ ಸೀಟುಗಳಿಗೂ ಚಂದಾ ವಿಧಿಸಿ, ಟೀಕೆಗಳು ಬಂದ ನಂತರ 2023ರಲ್ಲಿ ಅದನ್ನು ಕೈಬಿಟ್ಟಿತು. ಹಳೆಯ ಕಾರನ್ನು ಕೊಳ್ಳುವವರು ಯಾವ ಸೌಲಭ್ಯ ಕಾರಿನ ಜತೆಗೆ ಬರುತ್ತದೆ, ಯಾವುದು ಹಿಂದಿನ ಮಾಲೀಕರ ಖಾತೆಯ ಜತೆಗೆ ಹೋಗುತ್ತದೆ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯುವುದು ಒಳ್ಳೆಯದು.

ದೊಡ್ಡ ಅಲಾಯ್ ವೀಲ್‌ಗಳು ನಿಂತಿರುವಾಗ ಚೆಂದ. ಅವುಗಳ ಟಯರಿನ ಪಕ್ಕೆ ತೆಳುವಾದ್ದರಿಂದ ಗುಂಡಿಯ ಪೆಟ್ಟು ನೇರವಾಗಿ ಬೆನ್ನಿಗೆ ತಟ್ಟುತ್ತದೆ, ಹೊಸ ಟಯರ್ ಹಾಕಿಸುವ ಖರ್ಚೂ ಹೆಚ್ಚು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸ್ಪೀಕರ್ ಅಥವಾ ದೀಪಗಳ ಬಗ್ಗೆಯೂ ಒಂದು ಮಾತು: ಮೂಲ ವೈರನ್ನು ಕತ್ತರಿಸಿ ಟೇಪ್ ಸುತ್ತಿದ ಕುರುಹು ಕಂಡರೆ ಜಾಣ ಗಿರಾಕಿ ಅಲ್ಲಿಂದಲೇ ಹಿಂದಿರುಗುತ್ತಾನೆ.

ಹಾಗೆಂದು ಸೌಲಭ್ಯಗಳು ಪೂರ್ತಿ ವ್ಯರ್ಥವಾದವು ಎನ್ನಲಾರೆ. ಬೆಲೆ ಏರದಿದ್ದರೂ, ಪಕ್ಕಪಕ್ಕದಲ್ಲಿ ನಿಂತ ಒಂದೇ ಬೆಲೆಯ ಎರಡು ಕಾರುಗಳಲ್ಲಿ ನನ್ನದನ್ನೇ ಜನ ಮೊದಲು ನೋಡಲು ಬಂದರು. ಅವಸರವಿಲ್ಲದೆ, ಹೇಳಿದ ಬೆಲೆಯಿಂದ ತೀರಾ ಕೆಳಗಿಳಿಯದೆ ವ್ಯವಹಾರ ಮುಗಿಸಲು ಅದೂ ನೆರವಾಯಿತು. ಅದಕ್ಕಿಂತ ಹೆಚ್ಚು ನೆರವಾದದ್ದು ಕ್ರಮವಾಗಿ ಕೂಡಿಟ್ಟ ಸರ್ವಿಸ್ ದಾಖಲೆ, ಎರಡನೆಯ ಕೀಲಿ, ಮತ್ತು ಕಾರ್ಖಾನೆಯಲ್ಲಿ ಏನೇನು ಜೋಡಣೆಯಾಗಿತ್ತು ಎಂಬುದನ್ನು ತೋರಿಸುವ ಮೂಲ ಬಿಲ್ಲು. ಕೊನೆಗೆ ಕೊಂಡ ದಂಪತಿಗಳು ಆ ಬಿಲ್ಲಿನ ಒಂದೊಂದು ಸಾಲನ್ನೂ ಕಾರಿನೊಂದಿಗೆ ಹೋಲಿಸಿ ನೋಡಿದರು. ಅವರ ಎತ್ತರದಲ್ಲಿಯೂ ಸಾಕಷ್ಟು ವ್ಯತ್ಯಾಸವಿತ್ತು; ಸೀಟಿನ ಗುಂಡಿಯ ಬಗ್ಗೆ ವಿವರವಾಗಿ ವಿಚಾರಿಸಿದವರು ಅವರೊಬ್ಬರೇ.

ನನ್ನ ಬಜೆಟ್ ಸೀಮಿತವಾದದ್ದು. ಮುಂದಿನ ಕಾರಿಗೆ ಸನ್‌ರೂಫ್ ಬೇಡ, ನ್ಯಾವಿಗೇಶನ್ ಬೇಡ, ಚಕ್ರಗಳು ಕಂಪನಿ ಕೊಟ್ಟ ಚಿಕ್ಕ ಅಳತೆಯವೇ ಸಾಕು. ಬೇರೆಯಾಗಿ ಸೌಲಭ್ಯ ಸೇರಿಸುವುದರ ಬದಲು, ಅವುಗಳನ್ನು ತನ್ನ ಹೆಸರಿನಲ್ಲೇ ಹೊತ್ತ ಮೇಲಿನ ವೇರಿಯಂಟನ್ನು ಎರಡು ಮೂರು ವರ್ಷ ಹಳೆಯದಾಗಿ, ಮೊದಲ ಮಾಲೀಕರು ನಷ್ಟವನ್ನೆಲ್ಲ ಉಂಡ ಮೇಲೆ ಕೊಳ್ಳುವುದು ನನಗೆ ಲೇಸೆಂದು ತೋರುತ್ತದೆ. ಮೆಮೊರಿ ಸೀಟು ಇಲ್ಲದ ಕಾರನ್ನು ಮಾತ್ರ ನಾನು ನೋಡಲೂ ಹೋಗುವುದಿಲ್ಲ. ಅದನ್ನು ಮಾರುವಾಗ ಒಂದು ಕಾಸೂ ಹುಟ್ಟುವುದಿಲ್ಲವೆಂದು ತಿಳಿದೇ ಹಣ ಕೊಡುತ್ತೇನೆ.